ಸೊಪ್ಪಿನ ಹೊತ್ತಿನ ಔಷಧಿ

ನಮ್ಮ ಅವ್ವನ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಹಲ್ಲಿನ ಗುರುತೊಂದಿತ್ತು. ಹಲ್ಲು ನನ್ನದು. ಆಗ ನನಗೆ ಏಳು ವರ್ಷ. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲುಗಳು ಅರ್ಧಕ್ಕೆ ಬಂದಿದ್ದವು, ಹಾಗಾಗಿ ಗುರುತೂ ಸೊಟ್ಟಗೆ ಮೂಡಿತ್ತು. ಅವ್ವ ಎಂದರೆ ಅಪ್ಪನ ತಾಯಿ. ಹೆತ್ತವಳು ಅಮ್ಮನಾದರೂ ನನ್ನನ್ನು ಎಣ್ಣೆ ಹಚ್ಚಿ, ನೀರೆರೆದು, ಬೈದು, ಮುದ್ದಾಡಿ ಬೆಳೆಸಿದವಳು ಅವ್ವ. ಅವಳ ಕೈಯನ್ನೇ ನಾನು ರಕ್ತ ಬರುವ ಹಾಗೆ ಕಚ್ಚಿದ್ದೆ.

ಇದನ್ನು ಇಷ್ಟು ವರ್ಷ ಯಾರಿಗೂ ಬರೆದು ಹೇಳಬೇಕೆನ್ನಿಸಿರಲಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿ ತನ್ನ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ನೆಗಡಿಗೆ, ಮೈ ತುರಿಕೆಗೆ ಏನೋ ಔಷಧಿ ಶುರುಮಾಡಿದ್ದಾರೆ, ಅವತ್ತಿನಿಂದ ಮಗು ಕಿರುಚುತ್ತದೆ, ಹೊಡೆಯುತ್ತದೆ, ಸುಮ್ಮಸುಮ್ಮನೆ ಅಳುತ್ತದೆ. "ಇವನು ನನ್ನ ಮಗ ಅಂತಾನೇ ಅನ್ನಿಸ್ತಿಲ್ಲ ಆಂಟಿ" ಅಂದಳು. ಅವಳಿಗೆ ಕಾಫಿ ಕೊಟ್ಟು, ಮೊದಲು ಡಾಕ್ಟರಿಗೆ ಫೋನು ಮಾಡಿಸಿ, ಆಮೇಲೆ ನಮ್ಮ ಅವ್ವನ ಕೈಯ ಕತೆ ಹೇಳಿದೆ. ಹೇಳಿದ ಮೇಲೆ ಅವಳು ಸ್ವಲ್ಪ ನಕ್ಕಳು. ಹಾಗಾದರೆ ಬರೆದೇಬಿಡೋಣ ಎಂದುಕೊಂಡೆ.

ಚಿಂತಾಮಣಿ ತಾಲ್ಲೂಕಿನಲ್ಲಿ ಕೆಂಚಾರ್ಲಹಳ್ಳಿ ಕಡೆ ನಮ್ಮೂರು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಿಪ್ಪುನೇರಳೆ ತೋಟ, ಸ್ವಲ್ಪ ರಾಗಿ ಹೊಲ, ಎರಡು ಎಮ್ಮೆ. ಮನೆಗೆ ಮೂರು ಅಂಕಣ. ಅದರಲ್ಲಿ ಎರಡು ರೇಷ್ಮೆ ಹುಳುವಿಗೆ, ಒಂದು ನಮಗೆ. ಅಡುಗೆ, ಊಟ, ನಿದ್ದೆ, ನೆಂಟರು, ಜಗಳ ಎಲ್ಲವೂ ಆ ಒಂದು ಅಂಕಣದಲ್ಲೇ. ಹುಳು ಮಾತ್ರ ಮಹಾರಾಜರ ಹಾಗೆ ವಿಶಾಲವಾಗಿ ಬಿದಿರಿನ ತಟ್ಟೆಗಳ ಮೇಲೆ ಮಲಗಿರುತ್ತಿದ್ದವು. ಇರುವೆ ಹತ್ತದಿರಲೆಂದು ತಟ್ಟೆ ಜೋಡಿಸಿದ ಮರದ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಿರುತ್ತಿದ್ದರು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹುಳು ಇದ್ದಾಗ ಮೆಣಸಿನಕಾಯಿ ಒಗ್ಗರಣೆ ಘಾಟು ಏಳಿಸುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲ ಆಚೆಯೇ ನಿಂತು ಮಾತಾಡಬೇಕು. ಹುಳುವಿಗಿದ್ದ ಮರ್ಯಾದೆಯಲ್ಲಿ ಕಾಲುಭಾಗ ನಮ್ಮ ಅಪ್ಪನಿಗೂ ಇರಲಿಲ್ಲ.

ಮನೆಯಲ್ಲಿ ಗಡಿಯಾರವೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಹುಳುವಿಗೆ ಸೊಪ್ಪು ಹಾಕುವ ಹೊತ್ತೇ ನಮ್ಮ ಹೊತ್ತು. "ಎರಡನೇ ಸೊಪ್ಪಾದ ಮೇಲೆ ಬಾ" ಎಂದರೆ ಊರಿನವರಿಗೆಲ್ಲ ತಿಳಿಯುತ್ತಿತ್ತು. ನಮ್ಮ ಊಟ ಹಿಂದೆ ಮುಂದೆ ಆಗುತ್ತಿತ್ತು, ಒಂದೊಂದು ದಿನ ತಪ್ಪಿಯೂ ಹೋಗುತ್ತಿತ್ತು. ಹುಳುವಿನದು ಮಾತ್ರ ತಪ್ಪಿದ್ದೇ ಇಲ್ಲ.

ನನಗೆ ಆರು ತುಂಬಿದ ಮೇಲೆ ಸೀನು ಶುರುವಾಯಿತು. ಒಂದಲ್ಲ ಎರಡಲ್ಲ, ಇಪ್ಪತ್ತು ಮೂವತ್ತು ಸಾಲಾಗಿ. ಆಮೇಲೆ ಮೈಮೇಲೆ ಪಿತ್ತದ ಗಂಧೆಯ ಹಾಗೆ ದದ್ದುಗಳು ಎದ್ದವು. ಕಣ್ಣಿನ ರೆಪ್ಪೆ ಊದಿಕೊಂಡಿತು. ಕೊನೆಗೆ ಎದೆಯಲ್ಲಿ ಗೊರಗೊರ ಸದ್ದು. ಅವ್ವ ಕಂಬಳಿ ಸುತ್ತಿದಳು, ದೊಡ್ಡಪತ್ರೆ ರಸ ಕುಡಿಸಿದಳು, ಎದೆಗೆ ಬಿಸಿ ಎಣ್ಣೆ ತಿಕ್ಕಿದಳು. ಯಾವುದಕ್ಕೂ ಜಗ್ಗದೆ ಹೋದಾಗ ಅಪ್ಪ ಬಂಡಿ ಕಟ್ಟಿ ನಮ್ಮಿಬ್ಬರನ್ನೂ ಚಿಂತಾಮಣಿಗೆ ಕರೆದುಕೊಂಡು ಹೋದ.

ಡಾಕ್ಟರು ನನ್ನ ಬೆನ್ನಿಗೆ ತಣ್ಣಗಿನ ಕೊಳವೆ ಒತ್ತಿ ಕೇಳಿದರು, ಚೀಟಿ ಬರೆದರು, ದಿನಕ್ಕೆ ಮೂರು ಸಲ ಎಂದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಡಾಕ್ಟರು ಇನ್ನೇನೂ ಹೇಳಲಿಲ್ಲ. ಪಕ್ಕದ ಕಿಟಕಿಯಲ್ಲಿ ಕಾಂಪೌಂಡರು ಕೆಂಪು ಔಷಧಿ ಬೆರೆಸಿ, ನಾವು ತಂದಿದ್ದ ಸೀಸೆಗೆ ತುಂಬಿ, ಅದರ ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ಒಂದು ಹಲ್ಲು ಇಳಿಯುವಷ್ಟು ಕುಡಿಸಿದರೆ ಒಂದು ಅಳತೆ.

"ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ ಊಟ ಆದ್ಮೇಲೆ ಕೊಡಮ್ಮ" ಅಂದ.

"ನಮ್ಮನೇಲಿ ಊಟಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ ಕಣಪ್ಪ. ಹುಳು ಮನೆ. ಮರ್ತೋಗ್ತದೆ" ಅಂದಳು ಅವ್ವ.

"ಹುಳಕ್ಕೆ ಸೊಪ್ಪು ಹಾಕೋದು ಮರೀತೀರಾ?"

"ಅದೆಂಗೆ ಮರೀತೀವಪ್ಪ!"

"ಹಂಗಾದ್ರೆ ಸೊಪ್ಪು ಹಾಕಿ, ಕೈ ತೊಳ್ಕೊಂಡು, ಮಗೂಗೆ ಒಂದಳತೆ ಕೊಟ್ಬಿಡಿ. ಸುಲಭ."

ಆ ಮನುಷ್ಯನ ಮೇಲೆ ನನಗೆ ಈಗಲೂ ಕೋಪವಿಲ್ಲ. ಪೇಟೆಯವನು, ಹುಳುವೂ ನಮ್ಮ ಹಾಗೆ ಮೂರು ಹೊತ್ತು ಉಣ್ಣುತ್ತದೆ ಎಂದು ತಿಳಿದಿದ್ದ. ಅವ್ವನಿಗೂ ಆ ಮಾತು ಬಹಳ ಹಿಡಿಸಿತು. ದಾರಿಯುದ್ದಕ್ಕೂ "ಎಷ್ಟು ಬುದ್ಧಿವಂತ ನೋಡು" ಎಂದು ಅವನನ್ನು ಹೊಗಳಿದಳು. ನಮ್ಮ ಮನೆಯ ಹುಳುವಿಗೆ ಮಾಮೂಲಿ ದಿನದಲ್ಲಿ ನಾಲ್ಕು ಸಲ ಸೊಪ್ಪು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚಿ ಬೆರಳುದಪ್ಪ ಆದ ಮೇಲೆ, ಅದಕ್ಕೆ ಎಲ್ಲಿಲ್ಲದ ಹಸಿವು. ಆಗ ಆರು ಸಲ.

ಔಷಧಿಯಿಂದ ಉಸಿರು ಹಗುರವಾಯಿತು. ಅದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಎದೆಯ ಸದ್ದು ನಿಂತಿತು, ದದ್ದು ಇಳಿಯಿತು. ಅವ್ವ ಸೀಸೆಯನ್ನು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಇಟ್ಟಳು.

ಆದರೆ ನಾನು ಬೇರೆ ಆದೆ. ಮೊದಲು ನಿದ್ದೆ ಹೋಯಿತು. ಆಮೇಲೆ ಹಸಿವು ಹೋಯಿತು. ಬಾಯಿ ಸದಾ ಒಣಗಿರುತ್ತಿತ್ತು, ಬೆರಳು ನಡುಗುತ್ತಿತ್ತು, ಎದೆಯೊಳಗೆ ಯಾರೋ ನೂಲು ತೆಗೆಯುವ ಚರಕವನ್ನು ಬಿಡದೆ ತಿರುಗಿಸುತ್ತಿದ್ದ ಹಾಗೆ ಅನ್ನಿಸುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಓಡಬೇಕು, ಓಡಿದರೆ ಯಾರನ್ನಾದರೂ ತಳ್ಳಬೇಕು. ಅಳು ಬರಲು ಕಾರಣವೇ ಬೇಕಿರಲಿಲ್ಲ. ಮುದ್ದೆ ತಟ್ಟೆಯ ಈಚೆಗಿಟ್ಟರೆ ಆಚೆಗೆ ಇಡಬೇಕಿತ್ತೆಂದು ಅಳು, ಆಚೆಗಿಟ್ಟರೆ ಯಾಕೆ ಸರಿಸಿದಿರಿ ಎಂದು ಕೋಪ. ಶಾಲೆಯಲ್ಲಿ ಗೆಳತಿಯ ಸ್ಲೇಟು ಒಡೆದೆ.

ದೊಡ್ಡವರಿಗೆ ನನ್ನ ಹಟ ಕಾಣಿಸುತ್ತಿತ್ತು. ನನಗೆ ಕಾಣಿಸುತ್ತಿದ್ದದ್ದು ಬೇರೆ. ನಾನು ಮಾಡುತ್ತಿರುವುದು ತಪ್ಪೆಂದು ಮಾಡುವಾಗಲೇ ನನಗೆ ತಿಳಿಯುತ್ತಿತ್ತು, ಆದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಇದನ್ನು ಹೇಳುವ ಮಾತು ಏಳು ವರ್ಷದವಳ ಹತ್ತಿರ ಎಲ್ಲಿರುತ್ತದೆ? ನಾನು ಕೆಟ್ಟವಳಾಗಿಬಿಟ್ಟೆ ಎಂದುಕೊಂಡೆ. ಅದನ್ನು ನಂಬಿಯೂ ಬಿಟ್ಟೆ.

ಮನೆಯವರು ಕುರುಡರಲ್ಲ. ಲೆಕ್ಕ ಹಾಕಿದ್ದರು. ಒಂದು ಬೆಳೆ ಗೂಡು ಬಿಡಿಸಿ ಮಾರಿ, ಮುಂದಿನ ಮೊಟ್ಟೆ ತರುವವರೆಗಿನ ದಿನಗಳಲ್ಲಿ ನಾನು ಹಸುವಿನಂಥ ಹುಡುಗಿ. ಹುಳು ಬಂದರೆ ಮತ್ತೆ ರೇಗು. ಹುಳು ದೊಡ್ಡದಾದಷ್ಟೂ ರೇಗು ದೊಡ್ಡದು. ಹುಳು ಇಲ್ಲದಾಗ ಉಬ್ಬಸವೂ ಇರಲಿಲ್ಲ, ಸೊಪ್ಪೂ ಇರಲಿಲ್ಲ, ಹಾಗಾಗಿ ಔಷಧಿಯೂ ಇರಲಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಔಷಧಿ ಎಂದರೆ ಒಳ್ಳೆಯದು, ಅದರ ಮೇಲೆ ಅನುಮಾನ ಬರುವುದಾದರೂ ಹೇಗೆ? "ಈ ಮಗೂಗೂ ಹುಳೂಗೂ ಆಗ್ತಾ ಇಲ್ಲ. ಯಾವ್ದೋ ದೃಷ್ಟಿ" ಅಂದಳು ಅವ್ವ. ಮೆಣಸಿನಕಾಯಿ, ಉಪ್ಪು ನಿವಾಳಿಸಿದರು, ಅದೂ ಹುಳುವಿಗೆ ಘಾಟು ತಗಲದಂತೆ ಬೀದಿಯ ಕೊನೆಯಲ್ಲಿ. ಸೊಂಟಕ್ಕೆ ಕರಿದಾರ ಕಟ್ಟಿದರು. ನಗರಗೆರೆ ಕಡೆಯಿಂದ ಒಬ್ಬರು ತಾಯತ ತಂದುಕೊಟ್ಟರು. ನಾನು ಅದನ್ನು ಮೂರನೇ ದಿನಕ್ಕೇ ಕಿತ್ತು ಬಾವಿಗೆ ಎಸೆದೆ.

ಸೀಸೆ ಬೇಗ ಬೇಗ ಖಾಲಿಯಾಗುತ್ತಿತ್ತು. ಅಪ್ಪ ಅದಕ್ಕೂ ಒಂದು ಅರ್ಥ ಹುಡುಕಿದ. "ಆ ಕಾಂಪೌಂಡರು ಜುಗ್ಗ, ಕಂಠದವರ್ಗೂ ತುಂಬಲ್ಲ" ಎಂದು ಬೈದು, ಪೇಟೆಗೆ ಹೋಗುವವರ ಕೈಯಲ್ಲಿ ಇನ್ನೂ ದೊಡ್ಡ ಸೀಸೆ ಕಳಿಸಿದ. ಅದೂ ತುಂಬಿ ಬಂತು. ಮಗಳ ಮೇಲಿನ ಪ್ರೀತಿಯಿಂದ ನಮ್ಮ ಮನೆಯವರು ಮಾಡಿದ್ದೆಲ್ಲ ಹೀಗೇ, ಒಂದಕ್ಕಿಂತ ಒಂದು ದೊಡ್ಡದು.

ಮೂರನೇ ಬೆಳೆ ನಡೆಯುತ್ತಿದ್ದಾಗ ಅಮ್ಮನಿಗೆ ಏಳು ತಿಂಗಳು. ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಮನೆಯವರೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹರಡುವುದು ಬಿಟ್ಟರೆ ಬೇರೆ ಕಾಣರು. ಮಧ್ಯಾಹ್ನದ ಸೊಪ್ಪು ಹಾಕಿ ಅವ್ವ ಕೈ ತೊಳೆದು ಸೀಸೆ ಹಿಡಿದು ಬಂದಳು. ನಾನು ಮೂಲೆಯಲ್ಲಿ ಕೂತು ಗೋಡೆ ಕೆರೆಯುತ್ತಿದ್ದೆ.

"ಬಾರಮ್ಮ, ಬಂಗಾರು ತಲ್ಲಿ, ಒಂದು ಗುಟುಕು."

ಅವ್ವನ ತವರು ಆಂಧ್ರದ ಗಡಿ. ಮುದ್ದು ಬಂದಾಗ, ಸಿಟ್ಟು ಬಂದಾಗ ತೆಲುಗು ಬರುತ್ತಿತ್ತು, ಬಂಗಾರು ತಲ್ಲಿ ಎಂದರೆ ಬಂಗಾರದಂಥ ತಾಯಿ. ನಾನು ಬೇಡವೆಂದೆ. ಕಹಿ ಎಂದೆ. ಎದೆ ಹೊಡೆದುಕೊಳ್ಳುತ್ತದೆ ಎಂದೂ ಹೇಳಿದೆ. ಎಲ್ಲ ಮಕ್ಕಳೂ ಔಷಧಿಗೆ ಹಾಗೇ ಹೇಳುವುದಲ್ಲವೇ? ಅವ್ವ ನನ್ನ ಮೂಗು ಹಿಡಿದು ಬಾಯಿ ತೆರೆಸಿದಳು. ನಾನು ಕಚ್ಚಿದೆ. ಬಿಡಲಿಲ್ಲ. ಬಾಯಲ್ಲಿ ಔಷಧಿಯ ಕಹಿ, ರಕ್ತದ ಉಪ್ಪು ಎರಡೂ ಸೇರಿದವು. ಅವ್ವ ಕಿರುಚಲಿಲ್ಲ. ಕಿರುಚಿದರೆ ಹುಳು ಬೆಚ್ಚುತ್ತದೆ ಎಂದು ಆ ಗಳಿಗೆಯಲ್ಲೂ ತುಟಿ ಕಚ್ಚಿಕೊಂಡು ನಿಂತಳು. ಬಿಡಿಸಲು ಅಮ್ಮ ಓಡಿಬಂದಳು. ನಾನು ತಲೆ ತಗ್ಗಿಸಿ, ಅಡ್ಡ ಬಂದವರನ್ನು ಗುದ್ದಿಕೊಂಡು ಹೊರಗೆ ಓಡಿದೆ. ಅಡ್ಡ ಬಂದದ್ದು ಅಮ್ಮನ ಹೊಟ್ಟೆ.

ಅಮ್ಮ ಎರಡೂ ಕೈ ಹೊಟ್ಟೆಗೆ ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ನಾನು ಹೊಸ್ತಿಲಲ್ಲೇ ನಿಂತೆ. ಆ ಕ್ಷಣ ಈಗಲೂ ನನ್ನ ಕಣ್ಣಿಗೆ ಬರುತ್ತದೆ.

ಸೂಲಗಿತ್ತಿ ಬಂದು ಕೈಯಿಟ್ಟು ನೋಡಿ, ಮಗು ಆಡುತ್ತಿದೆ, ಭಯವಿಲ್ಲ ಎಂದಳು. ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಜಗಲಿಯಲ್ಲಿ ಕೂತು, ನೆಲ ನೋಡುತ್ತಾ ಅವ್ವನಿಗೆ ಹೇಳಿದ.

"ಇವಳ್ನ ಗೌರಿಬಿದನೂರಲ್ಲಿ ಅಕ್ಕನ ಮನೇಲಿ ಬಿಟ್ಟು ಬಾರಮ್ಮ. ಅಲ್ಲೇ ಸ್ಕೂಲಿಗೆ ಸೇರ್ಸಣ. ಇಲ್ಲಿದ್ರೆ ನಾಳೆ ಹುಟ್ಟೋ ಕೂಸಿನ ಗತಿ ಏನು?"

"ಮಗು ಕಣೋ ಅದು."

"ಗೊತ್ತಮ್ಮ. ನಂಗೇನು ಖುಷೀನಾ?"

ಒಳಗೆ ಅಮ್ಮ ನನ್ನನ್ನು ಕಂಡು ಹೆದರಿದ್ದಳು. ಅಮ್ಮನ ಕಣ್ಣಲ್ಲಿ ನನ್ನ ಬಗ್ಗೆ ಹೆದರಿಕೆ ಕಂಡದ್ದು ಆ ಕಾಯಿಲೆಯ ಎಲ್ಲ ಕಷ್ಟಕ್ಕಿಂತ ದೊಡ್ಡ ಕಷ್ಟ.

ಮಾರನೆಯ ದಿನವೇ ಹೊರಟೆವು. ಇನ್ನು ಮೂರು ನಾಲ್ಕು ದಿನದಲ್ಲಿ ಹುಳು ಹಣ್ಣಾಗುತ್ತಿತ್ತು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ಕೆಲಸದಲ್ಲಿ ಅವ್ವನ ಕಣ್ಣಿಗೆ ಸಮಾನವಾದ ಕಣ್ಣು ಊರಲ್ಲೇ ಇರಲಿಲ್ಲ. ಅಂಥ ವಾರದಲ್ಲಿ ಅವಳು ಮನೆ ಬಿಟ್ಟದ್ದು ಅದೇ ಮೊದಲು. ಚಿಂತಾಮಣಿಯಿಂದ ಚಿಕ್ಕ ರೈಲು. ಅದು ಎಷ್ಟು ನಿಧಾನವೆಂದರೆ ಪಕ್ಕದ ಹೊಲದವರ ಜೊತೆ ಕ್ಷೇಮ ಸಮಾಚಾರ ಮುಗಿಸಬಹುದಿತ್ತು. ಅವ್ವನ ಮಡಿಲಲ್ಲಿ ರೊಟ್ಟಿ ಗಂಟು, ನನ್ನ ಬಟ್ಟೆ ಗಂಟು, ಔಷಧಿ ಸೀಸೆ. ಕೈಗೆ ಅರಿಸಿನದ ಬಟ್ಟೆ ಸುತ್ತಿದ್ದಳು. ಶಿಡ್ಲಘಟ್ಟ ದಾಟಿದ ಮೇಲೆ ಕಿಟಕಿಯಿಂದ ಸೂರ್ಯನನ್ನು ನೋಡಿ, "ಈಗ ಮನೇಲಿ ಮೂರನೇ ಸೊಪ್ಪು ಹಾಕ್ತಿರ್ತಾರೆ" ಎಂದು ಸೀಸೆಯ ಬಿರಡೆ ತೆಗೆದಳು. ನಾನು ಈ ಸಲ ಕಚ್ಚಲಿಲ್ಲ. ಕಚ್ಚಿದರೆ ಅವ್ವನೂ ನನ್ನನ್ನು ಬಿಟ್ಟುಬಿಟ್ಟರೆ ಎಂಬ ಭಯಕ್ಕೆ ಕಣ್ಣು ಮುಚ್ಚಿ ನುಂಗಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಇನ್ನೊಂದು ಅಳತೆ. ಅಲ್ಲಿಗೆ ಸೀಸೆ ಬರಿದಾಯಿತು.

ಅದು ಬರಿದಾದದ್ದೇ ನನ್ನ ಪುಣ್ಯ.

ಅತ್ತೆ ಅಪ್ಪನ ಅಕ್ಕ. ಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಕಂಡು ಅತ್ತೆಗೆ ಆದ ಸಂತೋಷ ನೋಡಿ, ಇವರು ನನ್ನನ್ನು ವಾಪಸು ಕಳಿಸುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಅವ್ವ ಖಾಲಿ ಸೀಸೆ ಹಿಡಿದು, "ಇಲ್ಲಿ ಹುಳಾನೇ ಇಲ್ವಲ್ಲೇ, ಔಷಧಿ ಹೊತ್ತು ನಿಂಗೆಂಗೆ ಗೊತ್ತಾಗ್ತದೆ?" ಎಂದು ಮಗಳನ್ನು ಕೇಳಿದಳು. "ಬಾರಮ್ಮ, ಇಲ್ಲೊಬ್ರು ಲೇಡಿ ಡಾಕ್ಟರಿದ್ದಾರೆ, ಅವರ್ನೇ ಕೇಳಣ" ಎಂದು ಅತ್ತೆ ನಮ್ಮನ್ನು ಹೊರಡಿಸಿದಳು.

ಡಾಕ್ಟರ ಮನೆಯ ಜಗಲಿಯೇ ಕಾಯುವ ಜಾಗ. ಒಂದು ಉದ್ದನೆ ಬೆಂಚು. ಮಂಡಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಮುದುಕರು, ಬಸುರಿ ಹೆಂಗಸೊಬ್ಬರು, ನಾವು. ನಾನು ಕೂರಲಾರದೆ ಬೆಂಚನ್ನು ಒದೆಯುತ್ತಿದ್ದೆ. ಮುದುಕರು ಎರಡು ಸಲ ನೋಡಿದರು. ಮೂರನೇ ಸಲ ಜೇಬಿನಿಂದ ಕಡ್ಲೆಬೀಜ ತೆಗೆದು ನನ್ನ ಅಂಗೈಗೆ ಹಾಕಿದರು. ಬಯ್ಯದೆ ಯಾರಾದರೂ ನನಗೆ ಏನಾದರೂ ಕೊಟ್ಟು ತಿಂಗಳುಗಳಾಗಿದ್ದವು. ಅಳು ಬಂತು. ಅವರು ಇನ್ನೆರಡು ಬೀಜ ಹಾಕಿದರು.

ಡಾಕ್ಟರಮ್ಮ ಸಣ್ಣ ದೇಹದ, ದೊಡ್ಡ ಕನ್ನಡಕದ ಹೆಂಗಸು. ಎಲ್ಲರಿಗಿಂತ ಮೊದಲು ನನ್ನ ಕೈ ಹಿಡಿದರು. ಬೆರಳು ಬಿಡಿಸಿ ಚಾಚು ಎಂದರು. ಬೆರಳುಗಳು ತಾವಾಗಿಯೇ ನಡುಗಿದವು. ನಾಡಿ ಹಿಡಿದು ಬಹಳ ಹೊತ್ತು ಗಡಿಯಾರ ನೋಡಿದರು. ಆಮೇಲೆ ಚಿಂತಾಮಣಿಯ ಚೀಟಿ ಓದಿದರು.

"ಇದನ್ನ ಎಷ್ಟು ಸಲ ಕೊಡ್ತೀರಮ್ಮ?"

ಅವ್ವ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. "ಒಂದು ಸಲಾನೂ ತಪ್ಸಿಲ್ಲ ತಾಯಿ. ಹುಳಕ್ಕೆ ಸೊಪ್ಪು ಹಾಕ್ದಾಗೆಲ್ಲ ಕೊಟ್ಟಿದ್ದೀನಿ."

"ಹುಳಕ್ಕೆ ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ಮಾಮೂಲಿಗೆ ನಾಲ್ಕು. ಈಗ ನಾಲ್ಕನೇ ಜ್ವರ ಎದ್ದದಲ್ಲ, ಆರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅತ್ತೆ ಬಾಯಿಗೆ ಕೈ ಇಟ್ಟುಕೊಂಡಳು. ಅವ್ವ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಓದು ಬರಹ ಬರದು, ಆದರೆ ಒಂದು ತಟ್ಟೆಯ ಹುಳುವನ್ನು ದೂರದಿಂದ ನೋಡಿ ಎಷ್ಟು ಗೂಡಾಗುತ್ತದೆ ಎಂದು ಹೇಳಬಲ್ಲವಳು. ಲೆಕ್ಕ ಅವಳಿಗೆ ತಾನಾಗಿಯೇ ಸಿಕ್ಕಿತು.

"ಹೆಚ್ಚಾಯ್ತಾ ತಾಯಿ?"

"ಹೆಚ್ಚಾಗಿದೆ ಅಮ್ಮ. ನೀವು ಒಂದು ಸಲಾನೂ ತಪ್ಪಿಸಲಿಲ್ಲವಲ್ಲ, ಅದಕ್ಕೇ ಹೆಚ್ಚಾಗಿದೆ. ಈ ಔಷಧಿ ಉಸಿರು ಬಿಡಿಸುತ್ತೆ, ಜೊತೆಗೆ ಎದೆ ಓಡಿಸುತ್ತೆ. ನಿದ್ದೆ ಕೊಡಲ್ಲ. ಕೆಲವು ಮಕ್ಕಳಿಗೆ ಮೂರೇ ಸಲ ಕೊಟ್ರೂ ಅಳು, ಸಿಟ್ಟು ಬರುತ್ತೆ. ಆರು ಸಲ ಕೊಟ್ರೆ ದೊಡ್ಡೋರೂ ಕಚ್ತಾರೆ."

ಆಮೇಲೆ ನನ್ನ ಕಡೆ ಬಗ್ಗಿದರು. "ಬೇಕೂಂತ ಕಚ್ಚಿದ್ಯೇನಮ್ಮ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನಂಗೊತ್ತು" ಅಂದರು.

ಅಷ್ಟೇ. ಒಂದೇ ಮಾತು. ಆಮೇಲೆ ನನ್ನ ಬದುಕಿನಲ್ಲಿ ಬಹಳ ಒಳ್ಳೆಯ ಮಾತುಗಳನ್ನು ಕೇಳಿದ್ದೇನೆ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದಾಗ ಹಾರ ಹಾಕಿ ಆಡಿದ ಮಾತುಗಳನ್ನೂ ಕೇಳಿದ್ದೇನೆ. ಯಾವುದೂ ಇದಕ್ಕೆ ಸಮವಲ್ಲ.

ವಾಪಸು ಬಂದು ಅವ್ವ ಅತ್ತೆಯ ಮನೆಯ ಮೆಟ್ಟಿಲ ಮೇಲೆ ಕೂತಳು. ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಕೇಳಿದಳು.

"ಎದೆ ಹೊಡ್ಕೊಳ್ತಿತ್ತೇನೇ?"

"ಹೂಂ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಅವ್ವ. ನೀನು ಮೂಗು ಹಿಡ್ದೆ."

ಅವ್ವ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ. ತಾತ ಹೋದಾಗಲೂ ಹೀಗೆ ಅತ್ತಿರಲಿಲ್ಲವಂತೆ. ನನಗೆ ಏನು ಮಾಡಬೇಕೋ ತಿಳಿಯದೆ, ಮುಷ್ಟಿಯಲ್ಲಿ ಉಳಿದಿದ್ದ ಎರಡು ಕಡ್ಲೆಬೀಜವನ್ನು ಅವಳ ಬಾಯಿಗೆ ತುರುಕಿದೆ. ಅಳುತ್ತಲೇ ಅಗಿದಳು.

ಮುಂದಿನ ಎರಡು ದಿನ ಔಷಧಿ ಬೇಡವೆಂದಿದ್ದರು. ನಾನು ನಿದ್ದೆ ಮಾಡಿದೆ. ಹೇಗೆ ಮಾಡಿದೆನೆಂದರೆ, ಬದುಕಿದ್ದೇನೋ ಇಲ್ಲವೋ ಎಂದು ಅವ್ವ ಆಗಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳಂತೆ. ಎದ್ದಾಗ ಎದೆಯಲ್ಲಿ ಚರಕ ನಿಂತಿತ್ತು. ಹಸಿವು. ಮೂರು ರೊಟ್ಟಿ ತಿಂದು ಇನ್ನೊಂದು ಕೇಳಿದೆ. ಅತ್ತೆ ಉಪ್ಪಿನ ಡಬ್ಬಿ ತೆಗೆದುಕೊಡು ಎಂದರೆ ತೆಗೆದುಕೊಟ್ಟೆ, ಎಸೆಯಲಿಲ್ಲ. ನನಗೇ ಆಶ್ಚರ್ಯವಾಯಿತು. ಕಳೆದುಹೋಗಿದ್ದ ಲಂಗ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಹಾಗೆ ನಾನು ನನಗೆ ಸಿಕ್ಕಿದ್ದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಸುಖವಾಗಿತ್ತು. ಮುಗಿಯಲಿಲ್ಲ. ನಾಲ್ಕನೇ ದಿನ ಸ್ವಲ್ಪ ಗೊರಗೊರ ಬಂತು. ಡಾಕ್ಟರಮ್ಮ ಬೇರೆ ಔಷಧಿ ಕೊಟ್ಟರು, ಕಡಿಮೆ ಅಳತೆ. ಅದು ಕೋಪ ತರಲಿಲ್ಲ, ಅಳು ತಂದಿತು. ಸಂಜೆಯಾದರೆ ಕಾರಣವಿಲ್ಲದೆ ಕಣ್ಣೀರು. ಮತ್ತೆ ಹೋದೆವು. ಅವರು ಬೇಸರಿಸದೆ ಅಳತೆ ಅರ್ಧ ಮಾಡಿದರು, ಹೊತ್ತು ಬದಲಿಸಿದರು. "ಒಂದೊಂದು ಮಗು ಒಂದೊಂದು ಥರ. ನೋಡ್ತಾ ಇರಿ, ಬಂದು ಹೇಳ್ತಾ ಇರಿ, ನೀವಾಗಿ ನಿಲ್ಲಿಸ್ಬೇಡಿ, ನೀವಾಗಿ ಹೆಚ್ಚಿಸ್ಬೇಡಿ" ಅಂದರು. ಮೂರನೇ ಸಲಕ್ಕೆ ಸರಿಹೋಯಿತು.

ಆಗ ದೊಡ್ಡ ಮಾತು ಬಂತು. ಈ ಮಗುವಿಗೆ ಆಗದಿರುವುದು ಹುಳುವಿನ ಮನೆಯ ಧೂಳು, ಹಿಕ್ಕೆ, ಗೂಡಿನ ನವಿರು. ಹುಳುವಿನ ಜೊತೆ ಒಂದೇ ಸೂರಿನಡಿ ಮಲಗಿಸಿದರೆ ಮತ್ತೆ ಉಬ್ಬಸ ಬಂದೇ ಬರುತ್ತದೆ ಎಂದರು ಡಾಕ್ಟರಮ್ಮ. ಅತ್ತೆಯ ಮುಖ ಅರಳಿತು. "ಹಂಗಾದ್ರೆ ಇಲ್ಲೇ ಇರ್ಲಿ ಬಿಡಮ್ಮ. ನಾನು ಚೆನ್ನಾಗಿ ನೋಡ್ಕೋತೀನಿ" ಅಂದಳು. ಅವಳು ನೋಡಿಕೊಳ್ಳುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ನಾನು ಅವ್ವನ ಸೀರೆಯ ಅಂಚು ಹಿಡಿದು ನಿಂತೆ. ಕೆಟ್ಟವಳಲ್ಲ ಎಂದು ತೀರ್ಮಾನವಾದ ಮೇಲೂ ಮನೆ ತಪ್ಪುತ್ತದೆ ಎಂದರೆ ಹೇಗೆ?

ಅಪ್ಪ ಗೂಡು ಮಾರಿ ನೇರ ಗೌರಿಬಿದನೂರಿಗೆ ಬಂದ. ಅವನನ್ನು ಕೂರಿಸಿಕೊಂಡು ಅವ್ವ ಎಲ್ಲ ಹೇಳಿದಳು, ಆರು ಸಲದ ಲೆಕ್ಕವನ್ನೂ ಮುಚ್ಚಿಡದೆ. ಅಪ್ಪ ತನ್ನ ದೊಡ್ಡ ಸೀಸೆಯನ್ನು ನೆನೆಸಿಕೊಂಡಿರಬೇಕು. ಅಂಗವಸ್ತ್ರದಿಂದ ಮುಖ ಒರೆಸಿದವನು ಒರೆಸುತ್ತಲೇ ಇದ್ದ.

"ಹುಳು ಒಳಗಿದ್ರೆ ಮಗು ಇರಂಗಿಲ್ವಂತೆ ಕಣೋ" ಅಂದಳು ಅವ್ವ.

"ಹೂಂ."

"ಹುಳು ಆಚೆ ಹೋಗ್ಲಿ. ಮಗು ಒಳಗೆ ಬರ್ಲಿ."

ಇದು ಎಂಥ ಮಾತು ಎಂದು ಈಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಹುಳು ಮನೆಯ ಲಕ್ಷ್ಮಿ. ಅದನ್ನು ಮನೆಯಿಂದ ಹೊರಗೆ ಹಾಕುವುದೆಂದರೆ ದೀಪ ಆರಿಸಿದ ಹಾಗೆ ಎಂದು ತಿಳಿದಿದ್ದ ಕಾಲ. ಹಾಗೆಂದು ನನಗೆ ಹೇಳಿಕೊಟ್ಟವಳೇ ಅವ್ವ. ಅಪ್ಪ ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು, "ತೋಟದ ಬದೀಲಿ ಒಂದು ಚಪ್ಪರ ಎತ್ತಿ ಗೋಡೆ ಹಾಕ್ಬೋದು" ಅಂದ. ಅತ್ತೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು, ನನ್ನ ಬಟ್ಟೆಗಳನ್ನು ತಾನೇ ಮಡಿಸಿ ಗಂಟು ಕಟ್ಟಿದಳು. ಅವಳಿಗೆ ನಾನು ಕೊಟ್ಟ ನೋವು ಅದೊಂದೇ.

ಗೋಡೆ ಮುಗಿಯುವವರೆಗೆ ಒಂದು ಬೆಳೆ ಬಿಟ್ಟರು. ಊರಿನವರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಹೊಸ ಹುಳು ಮನೆಯ ಮೊದಲ ಬೆಳೆ ಬಹಳ ಚೆನ್ನಾಗಿಯೂ ಬರಲಿಲ್ಲ, ಕೆಡಲೂ ಇಲ್ಲ, ಎಂದಿನಂತೆ ಬಂತು. ಮೂರು ಅಂಕಣವೂ ನಮಗೇ ಸಿಕ್ಕವು. ಅಷ್ಟು ಜಾಗದಲ್ಲಿ ಏನು ಮಾಡಬೇಕೆಂದು ಗೊತ್ತಾಗದೆ ಮೊದಮೊದಲು ಎಲ್ಲರೂ ಹಳೆಯ ಒಂದೇ ಅಂಕಣದಲ್ಲಿ ಒತ್ತಿಕೊಂಡೇ ಮಲಗುತ್ತಿದ್ದೆವು.

ಅವ್ವ ಪ್ರತಿದಿನ ಬೆಳಿಗ್ಗೆ ದೇವರ ಗೂಡಿನಲ್ಲಿ ಮೂರು ಹುಣಸೆಬೀಜ ಇಡುತ್ತಿದ್ದಳು. ಒಂದು ಅಳತೆ ಕುಡಿದರೆ ಒಂದು ಬೀಜ ತೆಗೆಯಬೇಕು. ತೆಗೆಯುವವಳು ನಾನು, ಕೊಡುವವಳು ಅಮ್ಮ. ಅವ್ವ ಸೀಸೆಯನ್ನು ಮತ್ತೆ ಮುಟ್ಟಲಿಲ್ಲ. ಎಷ್ಟು ಹೇಳಿದರೂ ಮುಟ್ಟಲಿಲ್ಲ. "ನೀನು ಕೊಡವ್ವ" ಎಂದು ನಾನೇ ಒಂದು ದಿನ ಸೀಸೆಯನ್ನು ಅವಳ ಕೈಗೆ ಹಿಡಿಸಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು.

ತಂಗಿ ಹುಟ್ಟಿದಳು. ನಾನು ದೂರದಲ್ಲೇ, ಬಾಗಿಲ ಮರೆಯಲ್ಲೇ ನಿಂತು ನೋಡುತ್ತಿದ್ದೆ. ಅಮ್ಮ ಕರೆದಳು. "ಕೂತ್ಕೋ. ಕಾಲು ಚಾಚು" ಎಂದು ಹೇಳಿ, ಬೆಚ್ಚಗಿನ ಆ ಗಂಟನ್ನು ನನ್ನ ತೊಡೆಯ ಮೇಲೆ ಇಟ್ಟು, ತನ್ನ ಕೈ ಪೂರ್ತಿ ತೆಗೆದುಬಿಟ್ಟಳು. ನನ್ನ ಬೆರಳು ನಡುಗುತ್ತಿದೆಯೇ ಎಂದು ನಾನೇ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ಉಬ್ಬಸ ನನ್ನನ್ನು ಪೂರ್ತಿ ಬಿಡಲಿಲ್ಲ. ಈಗಲೂ ಧೂಳಿನ ದಿನಗಳಲ್ಲಿ ಬಂದು ಹೋಗುತ್ತದೆ, ಹಳೆಯ ನೆಂಟರ ಹಾಗೆ. ಹೊಸ ಔಷಧಿ ಯಾವುದು ಕೊಟ್ಟರೂ ಮೊದಲ ವಾರ ನನ್ನ ಸ್ವಭಾವವನ್ನು ನಾನೇ ಕಾಯುತ್ತೇನೆ. ಸುಮ್ಮನೆ ಸಿಡುಕಿದರೆ, ಸುಮ್ಮನೆ ಅಳು ಬಂದರೆ, ಡಾಕ್ಟರ ಹತ್ತಿರ ನಾಚಿಕೆ ಇಲ್ಲದೆ ಹೇಳುತ್ತೇನೆ.

ತಂಗಿಯ ತೊಟ್ಟಿಲ ಶಾಸ್ತ್ರದ ದಿನ ಊರಿನ ಹೆಂಗಸರೆಲ್ಲ ಸೇರಿದ್ದರು. ಅವ್ವ ಎಲೆ ಅಡಿಕೆ ಕೊಡಲು ಕೈ ಚಾಚಿದಾಗ ಒಬ್ಬಾಕೆ ಆ ಗುರುತು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಇದೇ ಏನಮ್ಮ, ನಿನ್ ಮೊಮ್ಮಗಳು ಕಚ್ಚಿದ್ದು?" ಅಂದಳು. ಹತ್ತಿಪ್ಪತ್ತು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ತೊಟ್ಟಿಲ ಹಗ್ಗ ಹಿಡಿದಿದ್ದ ನಾನು ಅದನ್ನು ಬಿಟ್ಟೆ.

ಅವ್ವ ಕೈ ಮುಚ್ಚಿಕೊಳ್ಳಲಿಲ್ಲ. ಇನ್ನಷ್ಟು ಮುಂದಕ್ಕೆ ಚಾಚಿ ಎಲ್ಲರಿಗೂ ತೋರಿಸಿದಳು.

"ಇವಳ್ಯಾಕೆ ಕಚ್ತಾಳಮ್ಮ ನನ್ನ? ಇದು ಔಷಧಿ ಕಚ್ಚಿದ್ದು. ಸೀಸೆ ಹಿಡಿದಿದ್ದೋಳು ನಾನು."

ಆಮೇಲೆ ಅದೇ ಕೈಯಲ್ಲಿ ಹಗ್ಗ ಎತ್ತಿ ನನ್ನ ಕೈಗೆ ಕೊಟ್ಟು, "ತೂಗು ತಲ್ಲಿ, ಮಗು ಎದ್ಬಿಡ್ತದೆ" ಅಂದಳು.